ಬೀಸುವ ದೊಣ್ಣೆ, ತೂಗುವ ತಕ್ಕಡಿ

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸೆಂದು ಹಿರಿಯರು ಹೇಳಿದ್ದಾರೆ. ತಪ್ಪಿದರೆ ಸರಿಯೆ, ತಪ್ಪದಿದ್ದರೆ? ನಡುರಾತ್ರಿ ಹಿತ್ತಿಲ ಬಾಗಿಲು ಮುರಿದು ಒಳನುಗ್ಗಿದವನು ಮನೆಯ ಯಜಮಾನನ ತಲೆಗೆ ಗುರಿಯಿಟ್ಟು ದೊಣ್ಣೆ ಎತ್ತಿದಾಗ, ಆತನ ಕೈಗೆ ಸಿಕ್ಕಿದ್ದು ಕತ್ತಿಯಾಗಿ, ಬಂದವನು ಅದರ ಏಟಿಗೆ ಪ್ರಾಣ ಬಿಟ್ಟರೆ? ದೊಣ್ಣೆಗೆ ಕತ್ತಿ ಸಮವಲ್ಲವೆಂದು ನ್ಯಾಯಾಧೀಶರು ಯಜಮಾನನನ್ನು ಸೆರೆಮನೆಗೆ ಕಳುಹಿಸುವರೇ? ಸಭ್ಯ ಗೃಹಸ್ಥರನ್ನು ಕಳ್ಳನ ಭಯದಷ್ಟೇ ಕಾಡುವ ಭಯವಿದು.

ಕಾನೂನು ಗೃಹಸ್ಥನ ಕೈ ಕಟ್ಟಿಹಾಕಿಲ್ಲ. ತನ್ನ ದೇಹವನ್ನೂ ಪರರ ದೇಹವನ್ನೂ ರಕ್ಷಿಸುವ ಹಕ್ಕು ಪ್ರತಿಯೊಬ್ಬನಿಗೂ ಉಂಟೆಂದು 1860ರ ಭಾರತೀಯ ದಂಡಸಂಹಿತೆ ಸಾರಿತ್ತು. 2024ರ ಜುಲೈ 1ರಂದು ಅದರ ಸ್ಥಾನಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯೂ 34ರಿಂದ 44ರವರೆಗಿನ ಕಲಮುಗಳಲ್ಲಿ ಆ ಹಕ್ಕನ್ನು ಉಳಿಸಿಕೊಂಡಿದೆ. ಏಟು ಬೀಳುವವರೆಗೆ ಕಾಯಬೇಕಾಗಿಲ್ಲ; ಬೀಳುವುದೆಂಬ ಭಯಕ್ಕೆ ಸಕಾರಣವಿದ್ದರೆ ಹಕ್ಕು ಆ ಕ್ಷಣವೇ ಹುಟ್ಟುತ್ತದೆ. ಸಾವು ಅಥವಾ ತೀವ್ರ ಗಾಯ ಸಂಭವಿಸೀತೆಂಬ ಭಯ ನ್ಯಾಯವಾದುದಾದರೆ, ಎದುರಾಳಿಯ ಪ್ರಾಣಹಾನಿಯವರೆಗೂ ಅದು ವಿಸ್ತರಿಸುತ್ತದೆ. ಆದರೆ ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಕೇಡು ಮಾಡಕೂಡದು. ಸರ್ಕಾರದ ರಕ್ಷಣೆ ಕೋರಲು ಸಮಯವಿದ್ದಾಗ ಈ ಹಕ್ಕೇ ಇಲ್ಲ.

ಹಾಗಾದರೆ ಬರಿಯ ದೊಣ್ಣೆ ಪ್ರಾಣಭಯ ಹುಟ್ಟಿಸುವ ಆಯುಧವೇ? ಉತ್ತರ ಪ್ರದೇಶದ ಒಂದು ಮೊಕದ್ದಮೆಯಲ್ಲಿ ಈ ಪ್ರಶ್ನೆಯೇ ಎದ್ದಿತು. ಜಮೀನಿನ ಸ್ವಾಧೀನಕ್ಕಾಗಿ ನಡೆದ ಹೊಡೆದಾಟದಲ್ಲಿ ಒಬ್ಬನ ತಲೆಗೆ ಲಾಠಿಯ ಏಟು ಬಿದ್ದಿತು. ಅವನು ಭರ್ಜಿಯಿಂದ ತಿವಿದ. ಎದುರು ಪಕ್ಷದವನೊಬ್ಬ ಸತ್ತ. ಬಂದದ್ದು ಲಾಠಿ, ಎತ್ತಿದ್ದು ಭರ್ಜಿ. ಆದ್ದರಿಂದ ಮಿತಿ ಮೀರಿದನೆಂದು ಉಚ್ಚ ನ್ಯಾಯಾಲಯ ಶಿಕ್ಷೆ ವಿಧಿಸಿತು. 1973ರ ವರದಿಗಳಲ್ಲಿ ಪ್ರಕಟವಾದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ತಲೆಯಂತಹ ಮರ್ಮಸ್ಥಾನಕ್ಕೆ ಲಾಠಿ ಬಿದ್ದಾಗ ಸಾವಿನ ಭಯ ಸಹಜವೆಂದು ಹೇಳಿ ಆತನನ್ನು ಬಿಡುಗಡೆ ಮಾಡಿತು.

ವೈದ್ಯಶಾಸ್ತ್ರವೂ ಇದಕ್ಕೆ ಸಾಕ್ಷಿ ನುಡಿಯುತ್ತದೆ. ಕತ್ತಿಯ ಗಾಯ ಕಣ್ಣಿಗೆ ಕಾಣುತ್ತದೆ. ದೊಣ್ಣೆಯ ಗಾಯ ಎಷ್ಟೋ ವೇಳೆ ಕಾಣುವುದಿಲ್ಲ. ಚರ್ಮ ಒಡೆಯದಿದ್ದರೂ ತಲೆಬುರುಡೆಯೊಳಗೆ ರಕ್ತ ಸೋರಿ ಮಿದುಳನ್ನು ಒತ್ತಬಹುದು. ಏಟು ತಿಂದವನು ಎದ್ದು ಕುಳಿತು ಕಾಫಿ ಕುಡಿದು ಮಾತಾಡಿ, ಕೆಲವು ಗಂಟೆಗಳ ಮೇಲೆ ಪ್ರಜ್ಞೆ ತಪ್ಪುವುದುಂಟು. ತಲೆನೋವು ಹೆಚ್ಚುತ್ತಿದ್ದರೆ, ವಾಂತಿಯಾದರೆ, ಅಕಾಲದ ಮಂಪರು ಕವಿದರೆ, ಮಲಗಿ ಎದ್ದರೆ ಸರಿಹೋದೀತೆಂದು ಮನೆಯವರು ಸುಮ್ಮನಿರಕೂಡದು. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಇನ್ನೊಂದು ಮೊಕದ್ದಮೆ ಅಂದಿನ ಪಂಜಾಬಿನದು, 1963ರ ವರದಿಗಳಲ್ಲಿದೆ. ಅಪಾಯದ ನಡುವೆ ನಿಂತವನು ತನ್ನ ಏಟನ್ನು ಚಿನ್ನ ತೂಗುವ ತಕ್ಕಡಿಯಲ್ಲಿ ತೂಗಿ ಕೊಡಬೇಕೆಂದು ನಿರೀಕ್ಷಿಸಲಾಗದೆಂದು ಅಲ್ಲಿಯೂ ಸರ್ವೋಚ್ಚ ನ್ಯಾಯಾಲಯ ಉದಾರವಾಗಿಯೇ ನುಡಿಯಿತು. ಆದರೂ ಆರೋಪಿಗಳು ಪಾರಾಗಲಿಲ್ಲ. ಏಕೆಂದರೆ ಹೊಡೆಯಬಂದವರು ಬೆನ್ನು ತಿರುಗಿಸಿ ಓಡಲಾರಂಭಿಸಿದ ಮೇಲೂ ಅವರ ಮೇಲೆ ಗುಂಡು ಹಾರಿತ್ತು. ಅಪಾಯ ಓಡಿಹೋದಾಗ ಹಕ್ಕೂ ಅದರ ಹಿಂದೆಯೇ ಹೋಗುತ್ತದೆ, ಉಳಿಯುವುದು ಸೇಡು. ಸೇಡಿಗೆ ಕಾನೂನಿನಲ್ಲಿ ಕ್ಷಮೆಯಿಲ್ಲ.

ಈ ಎರಡು ತೀರ್ಪುಗಳನ್ನು ಬಲ್ಲ ಗೃಹಸ್ಥನು ಏನು ಮಾಡಬೇಕು? ದೊಣ್ಣೆಯ ತುದಿಯಲ್ಲಿಯೇ ವೇಗ ಹೆಚ್ಚು. ಆದ್ದರಿಂದ ಅದರ ಅಳತೆಯಿಂದ ದೂರ ಸರಿಯುವುದು, ನಡುವೆ ಒಂದು ಬಾಗಿಲನ್ನೋ ಮೇಜನ್ನೋ ತರುವುದು, ಅಕ್ಕಪಕ್ಕದವರು ಏಳುವಂತೆ ಕೂಗುವುದು ಮೊದಲ ಉಪಾಯ. ಬೇರೆ ದಾರಿಯೇ ಇಲ್ಲದಾಗ ಹೊಡೆದರೆ ತಪ್ಪಲ್ಲ; ಎದುರಾಳಿಯ ಕೈ ಸೋತಮೇಲೆ ಮತ್ತೊಂದು ಏಟು ಕೊಟ್ಟರೆ ತಪ್ಪು. ಅನಂತರ ಮುಚ್ಚುಮರೆಯಿಲ್ಲದೆ 112ಕ್ಕೆ ದೂರವಾಣಿ ಮಾಡಿ ಪೊಲೀಸರಿಗೆ ತಿಳಿಸಬೇಕು. ತನಗಾದ ಗಾಯ ಎಷ್ಟು ಚಿಕ್ಕದಾದರೂ ವೈದ್ಯರಿಗೆ ತೋರಿಸಿ ಬರೆಸಿಡಬೇಕು. ನಾಳೆ ಕಟಕಟೆಯಲ್ಲಿ ಮಾತಾಡುವುದು ಆ ಗಾಯವೇ.

ದೊಣ್ಣೆ ಮೇಲೆದ್ದಾಗ ಹುಟ್ಟಿದ ಹಕ್ಕು, ಅದು ಕೈಜಾರಿ ಬಿದ್ದು ಭಯ ಕಳೆದಾಗ ಮುಗಿಯುತ್ತದೆ. ಆ ಕ್ಷಣವನ್ನು ಗುರುತಿಸಿ ಕೈ ತಡೆದವನು ತನ್ನ ಪ್ರಾಣದೊಡನೆ ಮಾನವನ್ನೂ ಉಳಿಸಿಕೊಂಡನು.