ಮೈಕ್ ದೊಡ್ಡದು ಮಾಡಿದರೆ ಮಾತು ಕೇಳಿಸುತ್ತದೆಯೇ?

ಕರಾವಳಿಯಿಂದ ದಾಂಡೇಲಿಗೆ ಹೊರಟ ನಾವು ಕದ್ರಾ ದಾಟಿ, ಘಾಟಿ ಹತ್ತಿ ಅಣಶಿಯಲ್ಲಿ ವಾಹನ ನಿಲ್ಲಿಸಿದೆವು. ಕಾಡಿನಲ್ಲಿ ಸದ್ದೇ ಇಲ್ಲ ಅಂತಲ್ಲ. ಹಕ್ಕಿ, ಜೀರುಂಡೆ ಎಲ್ಲ ಇವೆ. ಆದರೆ ಪಕ್ಕದವರು ಮೆಲ್ಲಗೆ ಆಡಿದ ಮಾತೂ ಸ್ಪಷ್ಟವಾಗಿ ಕೇಳುತ್ತಿತ್ತು. ಮೇಲೆ ಮಾಡಿಲ್ಲ, ಕೆಳಗೆ ತರಗೆಲೆಯ ಹಾಸು. ಹೋದ ಸದ್ದು ತಿರುಗಿ ಬರುವುದಿಲ್ಲ.

ಈಗ ನಮ್ಮ ಊರಿನ ಮದುವೆ ಹಾಲ್‌ಗಳನ್ನು ನೋಡೋಣ. ನೆಲಕ್ಕೆ ಗ್ರಾನೈಟ್, ಗೋಡೆಗೆ ಟೈಲ್ಸ್, ಮೇಲೆ ಬರೀ ಕಾಂಕ್ರೀಟ್. ನಿಖಾಹ್ ವೇಳೆ ಉಸ್ತಾದರು ಹೇಳುವ ನಾಲ್ಕು ಒಳ್ಳೆಯ ಮಾತು ಹಿಂದಿನ ಸಾಲಿಗೆ ಬರೀ ಗುಂಯ್ ಎನ್ನುವ ಸದ್ದಾಗಿ ತಲುಪುತ್ತದೆ. ಕಿವಿ ಮಂದವಾದ ಉಮ್ಮಂದಿರು ಅರ್ಥವಾಗದಿದ್ದರೂ ತಲೆಯಾಡಿಸಿ ಸುಮ್ಮನಾಗುತ್ತಾರೆ. ಆಗ ಯಾರಾದರೂ, "ಸೌಂಡ್ ಜಾಸ್ತಿ ಮಾಡಿ ಮಾರಾಯ್ರೆ" ಅಂತಾರೆ. ನಾವು ಎಡವುವುದು ಅಲ್ಲೇ.

ಗಟ್ಟಿ ಗೋಡೆ ಸದ್ದನ್ನು ಹೀರುವುದಿಲ್ಲ, ವಾಪಸ್ ಎಸೆಯುತ್ತದೆ. ಮೊದಲ ಪದ ಆರುವ ಮುಂಚೆಯೇ ಎರಡನೆಯದು ಅದರ ಮೇಲೆ ಬೀಳುತ್ತದೆ. ಮೈಕ್ ಏರಿಸಿದರೆ ಪ್ರತಿಧ್ವನಿಯೂ ಏರುತ್ತದೆ. ವಿಜಯಪುರದ ಗೋಳಗುಮ್ಮಟದಲ್ಲಿ ಒಂದು ಚಪ್ಪಾಳೆ ಹಲವು ಸಲ ಮರುದನಿಸುವುದು ನಮಗೆ ಬೆರಗು. ಮಾತು ಕೇಳಬೇಕಾದ ಹಾಲ್‌ನಲ್ಲಿ ಅದೇ ಕಾಟ.

ಇದಕ್ಕೆ ಮದ್ದು ಹೊಸದೇನಲ್ಲ. 1895ರ ಹೊತ್ತಿಗೆ ಅಮೆರಿಕದ ಹಾರ್ವರ್ಡ್‌ನ ಉಪನ್ಯಾಸದ ಹಾಲೊಂದರಲ್ಲಿ ಇದೇ ತೊಂದರೆ ಇತ್ತು. ವಾಲೇಸ್ ಸ್ಯಾಬಿನ್ ಎಂಬ ಯುವ ಅಧ್ಯಾಪಕರು ಬೇರೆ ಸಭಾಂಗಣದ ಸೀಟಿನ ಮೆತ್ತೆಗಳನ್ನು ರಾತ್ರಿ ತರಿಸಿ ಅಲ್ಲಿಟ್ಟು ಪರೀಕ್ಷಿಸಿದರು. ಮೆತ್ತೆ ಹೆಚ್ಚಿದಷ್ಟೂ ಪ್ರತಿಧ್ವನಿ ಬೇಗ ಆರಿತು.

ನಮಗೂ ಅಷ್ಟೇ ಸಾಕು. ಮಾಡಿನ ಕೆಳಗೆ ಸದ್ದು ಹೀರುವ ಹಲಗೆ, ಹಿಂದಿನ ಗೋಡೆಗೆ ದಪ್ಪ ಪರದೆ. ವೇದಿಕೆಯ ಎರಡು ದೈತ್ಯ ಸ್ಪೀಕರ್ ಬದಲು ಜನರ ಹತ್ತಿರವೇ ಸಣ್ಣ ಸ್ಪೀಕರ್‌ಗಳು, ಕಡಿಮೆ ಸದ್ದಿನಲ್ಲಿ. ಜನರೇಟರ್ ಮತ್ತು ಅಡುಗೆಕೋಣೆ ಹಾಲ್‌ನ ಗೋಡೆಗೆ ತಾಗದಂತೆ ದೂರ ಇರಲಿ. ನೆರೆಮನೆಯವರ ನಿದ್ದೆಗೂ ಇದರಿಂದ ಲಾಭ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಇದೆ.

ಹೊಸ ಹಾಲ್ ಕಟ್ಟಲು ಹೊರಟ ಕಮಿಟಿಯವರಲ್ಲಿ ನಮ್ಮ ವಿನಂತಿ ಇಷ್ಟೇ: ನಕ್ಷೆ ಹಾಕುವಾಗಲೇ ಇಂಜಿನಿಯರರಲ್ಲಿ ಸದ್ದಿನ ವಿಷಯ ಕೇಳಿ. ಝೂಮರ್ ದೀಪ ಆಮೇಲೆ ತೂಗಿಸಿದರೂ ನಡೆಯುತ್ತದೆ. ಕೊನೆಯ ಸಾಲಿನಲ್ಲಿ ಕೂತ ಉಮ್ಮನಿಗೆ ಮೊಮ್ಮಗಳ ನಿಖಾಹ್‌ನ ಮಾತು ಕೇಳಿಸದಿದ್ದರೆ, ಅಷ್ಟು ದೊಡ್ಡ ಹಾಲ್ ಕಟ್ಟಿ ಏನು ಪ್ರಯೋಜನ?