ಹಾಡಿಗೂ ಕೂಲಿ ಉಂಟು

ನಮ್ಮ ಸಮಾರಂಭಗಳಲ್ಲಿ ಒಂದು ಕೆಟ್ಟ ಪದ್ಧತಿ ಬೇರೂರಿದೆ. ಸಿನಿಮಾ ಗಾಯಕರಿಗೆ ಸಾವಿರಾರು ರೂಪಾಯಿ ಮುಂಗಡ. ಊರಿನಿಂದ ಬಂದ ಜಾನಪದ ಹಾಡುಗಾರನಿಗೆ ಒಂದು ಶಾಲು, ಒಂದು ತೆಂಗಿನಕಾಯಿ, ನಾಲ್ಕು ಹೊಗಳಿಕೆಯ ಮಾತು. ಕೇಳಿದರೆ, "ಜನಪದ ಕಲೆಗೆ ಬೆಲೆ ಕಟ್ಟಲಾದೀತೇ?" ಎನ್ನುತ್ತಾರೆ ವ್ಯವಸ್ಥಾಪಕ ಮಹಾಶಯರು. ಬೆಲೆ ಕಟ್ಟಲಾಗದೆಂದು ಹೇಳಿ ಬೆಲೆಯನ್ನೇ ಕೊಡದೆ ಕಳುಹಿಸುವ ಈ ಜಾಣತನವನ್ನು ನಾವು ಒಪ್ಪುವುದಿಲ್ಲ.

ಈ ಮಹಾಶಯರು ಅಮೆರಿಕದ ನ್ಯೂಪೋರ್ಟ್ ಕಡೆ ಒಮ್ಮೆ ನೋಡಲಿ. ರೋಡ್ ಐಲೆಂಡ್ ರಾಜ್ಯದ ಈ ಕಡಲತೀರದ ಪಟ್ಟಣದಲ್ಲಿ 1959ರಲ್ಲಿ ಆರಂಭವಾದ ಬೇಸಗೆಯ ಜಾನಪದ ಸಂಗೀತೋತ್ಸವ, ನಡುನಡುವೆ ನಿಂತರೂ, ಇಂದಿಗೂ ನಡೆಯುತ್ತಿದೆ. ಕೋಟ್ಯಧೀಶರ ಬೇಸಗೆ ಬಂಗಲೆಗಳ ಊರು ಅದು. ಆದರೆ ಅದೇ ರಾಜ್ಯದ ಪಾಟಕೆಟ್‌ನಲ್ಲಿ 1824ರಲ್ಲಿ ಗಿರಣಿಯ ಹೆಂಗಸರು ಕೂಲಿ ಕಡಿತವನ್ನು ವಿರೋಧಿಸಿ ಮಗ್ಗ ಬಿಟ್ಟು ಹೊರಬಂದಿದ್ದರು.

1963ರಲ್ಲಿ ಪೀಟ್ ಸೀಗರ್ ಮೊದಲಾದವರು ಆ ಉತ್ಸವವನ್ನು ಲಾಭದಾಸೆಯಿಲ್ಲದ ಸಂಸ್ಥೆಯಾಗಿ ಕಟ್ಟಿದಾಗ ಒಂದು ಕಟ್ಟಳೆ ಮಾಡಿದರು: ಹೆಸರುವಾಸಿಗೂ ಹೆಸರಿಲ್ಲದವನಿಗೂ ಒಂದೇ ಸಂಭಾವನೆ, 50 ಡಾಲರ್, ಜೊತೆಗೆ ಪ್ರಯಾಣ, ಊಟ, ವಸತಿ. ಆ ವರ್ಷ ಜೋನ್ ಬಯಾಜ್, ಬಾಬ್ ಡಿಲನ್ ಹಾಡಿದ ಉತ್ಸವದಲ್ಲೇ ಡಾರ್ಸಿ ಡಿಕ್ಸನ್ ಕೂಡ ಹಾಡಿದರು. ಯಾರು ಈ ಡಿಕ್ಸನ್? ಕೆರೊಲಿನಾ ರಾಜ್ಯಗಳ ಹತ್ತಿ ಗಿರಣಿಗಳಲ್ಲಿ ಹುಡುಗತನದಿಂದಲೇ ದುಡಿದವರು. ನೇಯ್ಗೆ ಖಾತೆಯ ಕಷ್ಟವನ್ನೇ ಹಾಡಾಗಿ ಕಟ್ಟಿದವರು. ಮಿಸಿಸಿಪ್ಪಿಯ ಹೊಲಗಳಲ್ಲಿ ದುಡಿದ ಜಾನ್ ಹರ್ಟ್ ಅವರೂ ಅಲ್ಲಿ ಹಾಡಿದರು. 1928ರಲ್ಲಿ ಅವರ ಹಾಡುಗಳು ಗ್ರಾಮಾಫೋನ್ ತಟ್ಟೆಗೆ ಬಂದಿದ್ದವು; ಆಮೇಲೆ 35 ವರ್ಷ ಹೊರಗಿನ ಲೋಕ ಅವರನ್ನು ಮರೆತೇ ಬಿಟ್ಟಿತ್ತು.

"ತಾರೆಯರಿಲ್ಲದಿದ್ದರೆ ಜನ ಸೇರುವುದಿಲ್ಲ" ಎಂಬ ವಾದವೊಂದುಂಟು. ಅಲ್ಲಿ ತಾರೆಯರೂ ಬಂದರು, ಒಂದೇ ಕೂಲಿಗೆ ಬಂದರು! ಕೇಳಲು ನಲವತ್ತು ಸಾವಿರಕ್ಕೂ ಹೆಚ್ಚು ಮಂದಿ ನೆರೆದರು. ಈಗಲೂ ಫೋರ್ಟ್ ಆಡಮ್ಸ್ ಕೋಟೆಯ ಬಳಿ ಉತ್ಸವ ನಡೆಯುವಾಗ, ಟಿಕೆಟ್ ಇಲ್ಲದವರು ಕೊಲ್ಲಿಯಲ್ಲಿ ದೋಣಿ ನಿಲ್ಲಿಸಿಕೊಂಡು ಹಾಡು ಕೇಳುತ್ತಾರೆ. ಕೇಳುವವನಿಗೆ ಹಾಡು ಪುಕ್ಕಟೆ ಸಿಗಲಿ, ನಮಗೆ ಸಂತೋಷವೇ. ಆದರೆ ಹಾಡುವವನ ದುಡಿಮೆ ಪುಕ್ಕಟೆಯಾಗಕೂಡದು.

ಬಂಧುಗಳೇ, ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗನಿಗೆ "ನಿನ್ನ ಸೇವೆ ಅಮೂಲ್ಯ" ಎಂದು ಹೇಳಿ ಮಾಲಿಕ ಪಗಾರ ತಪ್ಪಿಸಿದರೆ ನಾವು ಸುಮ್ಮನಿರುತ್ತೇವೆಯೇ? ಹಾಗಾದರೆ ರಾತ್ರಿಯಿಡೀ ಹಾಡಿ ಗಂಟಲು ಒಣಗಿಸಿಕೊಂಡವನ ಪಗಾರ ತಪ್ಪಿದಾಗ ಚಪ್ಪಾಳೆ ತಟ್ಟಿ ಮನೆಗೆ ಹೋಗುವುದು ಯಾವ ನ್ಯಾಯ? ಶಾಲು ಹೊದೆದುಕೊಂಡರೆ ಚಳಿ ಹೋದೀತು, ಹಸಿವು ಹೋಗದು.

ಮುಂದಿನ ಸಲ ವರ್ಗಣಿ ಪುಸ್ತಕ ಹಿಡಿದು ಬಂದವರನ್ನು ನಾವೆಲ್ಲರೂ ಒಂದೇ ಪ್ರಶ್ನೆ ಕೇಳೋಣ: "ಡೊಳ್ಳಿನವನಿಗೆ ಎಷ್ಟು ಕೊಡುತ್ತೀರಿ?" ಉತ್ತರ ಬಂದ ಮೇಲೆಯೇ ಜೇಬಿಗೆ ಕೈ ಹಾಕೋಣ.