ಕೇಳೋದಾದ್ರೆ ಕೇಳಿ, ಇಲ್ಲಾಂದ್ರೆ ಹೇಳಿಬಿಡಿ

ಹೊಸದಾಗಿ ಮ್ಯಾನೇಜರ್ ಆದವರಿಗೆ ನಮ್ಮ ಐಟಿ ಕಂಪನಿಗಳಲ್ಲಿ ಒಂದು ಟ್ರೈನಿಂಗ್ ಇರುತ್ತೆ. ಅಲ್ಲಿ ತಪ್ಪದೇ ಬರುವ ಪ್ರಶ್ನೆ: ನೀವು ಡೈರೆಕ್ಟಿವ್ವೋ, ಪಾರ್ಟಿಸಿಪೇಟಿವ್ವೋ? ಅಂದರೆ ಅಪ್ಪಣೆ ಕೊಟ್ಟು ಕೆಲಸ ಮಾಡಿಸ್ತೀರೋ, ಎಲ್ಲರನ್ನೂ ಕೇಳಿ ತೀರ್ಮಾನ ಮಾಡ್ತೀರೋ? "ನಾನು ಅಪ್ಪಣೆ ಕೊಡೋ ಪೈಕಿ" ಅಂತ ಕೈ ಎತ್ತಿದವರನ್ನು ನಾನಂತೂ ಇನ್ನೂ ನೋಡಿಲ್ಲ. ಎಲ್ಲರೂ ಕೇಳುವವರೇ, ಎಲ್ಲರ ಕ್ಯಾಬಿನ್ ಬಾಗಿಲೂ ಸದಾ ತೆರೆದೇ ಇರುತ್ತೆ. ಹಾಗಾದ್ರೆ ಶನಿವಾರ ರಾತ್ರಿ ಹನ್ನೊಂದು ಗಂಟೆಗೆ ಟೀಮಿನ ಹುಡುಗ ಹುಡುಗಿಯರು ಲ್ಯಾಪ್‌ಟಾಪ್ ಮುಂದೆ ಯಾಕೆ ಕೂತಿರ್ತಾರೆ ಸ್ವಾಮಿ?

ನನ್ನ ವಾದ ಇಷ್ಟೇ. ಅಪ್ಪಣೆ ಕೊಡುವ ಮ್ಯಾನೇಜರ್‌ಗಿಂತ, ಕೇಳುವ ನಾಟಕ ಆಡುವ ಮ್ಯಾನೇಜರ್ ಹೆಚ್ಚು ಅಪಾಯ.

ಪ್ಲಾನಿಂಗ್ ಪೋಕರ್ ಅನ್ನೋ ಪದ್ಧತಿಯನ್ನೇ ನೋಡಿ. ಒಂದು ಕೆಲಸಕ್ಕೆ ಎಷ್ಟು ಶ್ರಮ ಬೇಕು ಅಂತ ಟೀಮಿನ ಪ್ರತಿಯೊಬ್ಬರೂ 3, 5, 8, 13 ಹೀಗೆ ಸಂಖ್ಯೆ ಇರುವ ಒಂದು ಕಾರ್ಡ್ ಆರಿಸಿ ಮಗುಚಿ ಇಡಬೇಕು. ಆಮೇಲೆ ಎಲ್ಲರೂ ಒಟ್ಟಿಗೆ ತಿರುಗಿಸಬೇಕು. ಒಬ್ಬರ ಬಾಯಿ ನೋಡಿ ಇನ್ನೊಬ್ಬರು ಹೇಳದಿರಲಿ ಅಂತ ಈ ಏರ್ಪಾಟು. ಕೆಲಸ ಮಾಡುವವರೇ ಅಂದಾಜು ಹೇಳಬೇಕು ಅನ್ನೋದು ಇದರ ಜೀವ. ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ಇದು ನಡೀತಿದ್ದ ರೀತಿಯೇ ಬೇರೆ. ಯಾರಾದರೂ 13 ಇಟ್ಟರೆ "ಸ್ವಲ್ಪ ಜಾಸ್ತಿ ಆಯ್ತಲ್ವಾ? ಇನ್ನೊಂದ್ಸಲ ಯೋಚನೆ ಮಾಡಿ" ಅಂತ ನಗುನಗುತ್ತಾ ಹೇಳೋರು. ಎರಡನೇ ಸುತ್ತಿಗೆ 8, ಮೂರನೇ ಸುತ್ತಿಗೆ 5. ಯಾಕಂದ್ರೆ ಕ್ಲೈಂಟ್‌ಗೆ ತಾರೀಖು ಎರಡು ವಾರ ಮೊದಲೇ ಕೊಟ್ಟಾಗಿರುತ್ತಿತ್ತು. ಮುಹೂರ್ತ ಇಟ್ಟು, ಛತ್ರಕ್ಕೆ ಮುಂಗಡ ಕೊಟ್ಟು, ಲಗ್ನಪತ್ರಿಕೆ ಹಂಚಿ, ಆಮೇಲೆ ಹುಡುಗಿಯನ್ನು ಕರೆದು "ಒಪ್ಪಿಗೇನಮ್ಮಾ?" ಅಂತ ಕೇಳಿದ ಹಾಗೆ.

ಇದರಲ್ಲಿ ನಿಜವಾದ ವಿಷ ಎಲ್ಲಿದೆ ಗೊತ್ತಾ? ಕೆಲಸ ತಡವಾದ ದಿನ ಬರುವ ಮಾತಿನಲ್ಲಿ. "5 ಅಂತ ಹೇಳಿದ್ದು ನೀವೇ ತಾನೇ?" ಅಪ್ಪಣೆ ಕೊಟ್ಟಿದ್ದರೆ ಹೊಣೆ ಅಪ್ಪಣೆ ಕೊಟ್ಟವರದ್ದು. ಕೇಳಿದ ಶಾಸ್ತ್ರ ಮಾಡಿಬಿಟ್ಟರೆ ಅಧಿಕಾರ ಮೇಲೆಯೇ ಉಳಿಯುತ್ತೆ, ಹೊಣೆ ಮಾತ್ರ ಕೆಳಗೆ ಇಳಿಯುತ್ತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನೋದು ಇದಕ್ಕೇ.

ಇದು ಹೊಸ ರೋಗ ಅಲ್ಲ. 1958ರಲ್ಲೇ ರಾಬರ್ಟ್ ಟ್ಯಾನೆನ್‌ಬಾಮ್ ಮತ್ತು ವಾರೆನ್ ಶ್ಮಿಟ್ ಎಂಬಿಬ್ಬರು ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದ ಲೇಖನದಲ್ಲಿ ಎಚ್ಚರಿಸಿದ್ದರು. ಪೂರ್ತಿ ಅಪ್ಪಣೆಯಿಂದ ಹಿಡಿದು, ಮಿತಿ ಹಾಕಿ ಟೀಮಿಗೇ ಬಿಟ್ಟುಕೊಡುವವರೆಗೆ ಏಳು ಮೆಟ್ಟಿಲುಗಳನ್ನು ಅವರು ತೋರಿಸಿದರು. ಟ್ರೈನಿಂಗ್‌ಗಳಲ್ಲಿ ಆ ಚಿತ್ರವನ್ನು ಈಗಲೂ ತೋರಿಸ್ತಾರೆ. ಆದರೆ ಅದೇ ಲೇಖನದ ಇನ್ನೊಂದು ಮಾತನ್ನು ಮರೀತಾರೆ: ಎಷ್ಟು ಅಧಿಕಾರ ತನ್ನಲ್ಲೇ ಇಟ್ಟುಕೊಂಡಿದ್ದೇನೆ ಅಂತ ಮ್ಯಾನೇಜರ್ ಪ್ರಾಮಾಣಿಕವಾಗಿ ಹೇಳಬೇಕು, ಪ್ರಜಾಪ್ರಭುತ್ವದ ಮುಖವಾಡ ಹಾಕಿಕೊಳ್ಳಬಾರದು.

ಕೇಳಿಯೂ ಕೇಳದಿದ್ದರೆ ಬೆಲೆ ಎಷ್ಟು ದೊಡ್ಡದಾಗಬಹುದು ಅನ್ನೋದಕ್ಕೆ ಅಮೆರಿಕದ ಚಾಲೆಂಜರ್ ದುರಂತ ಇದೆ. 1986ರ ಜನವರಿ 27ರ ರಾತ್ರಿ, ರಾಕೆಟ್ ಬೂಸ್ಟರ್ ತಯಾರಿಸಿದ ಮಾರ್ಟನ್ ಥಿಯೊಕಾಲ್ ಕಂಪನಿಯ ಇಂಜಿನಿಯರುಗಳು ನಾಸಾ ಜೊತೆ ಫೋನಿನಲ್ಲಿ ಸಭೆ ನಡೆಸಿದರು. 53 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಚಳಿ ಇದ್ದರೆ ಬೂಸ್ಟರಿನ ರಬ್ಬರ್ ಉಂಗುರಗಳನ್ನು ನಂಬೋಕಾಗಲ್ಲ, ಉಡಾವಣೆ ಬೇಡ ಅಂದರು. ಅವರ ಮಾತನ್ನು ಎಲ್ಲರೂ ಕೇಳಿಸಿಕೊಂಡರು. ನಾಸಾ ಕಡೆಯವರು ಅಸಮಾಧಾನ ತೋರಿಸಿದಾಗ ಕಂಪನಿಯವರು ಫೋನು ಬದಿಗಿಟ್ಟು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಕೊನೆಯ ತೀರ್ಮಾನ ಮಾಡಿದ್ದು ಮ್ಯಾನೇಜರುಗಳು ಮಾತ್ರ. ಉತ್ತರ ಬದಲಾಯಿತು. ಮರುದಿನ ಚಾಲೆಂಜರ್ ಹಾರಿದ 73 ಸೆಕೆಂಡಿಗೆ ಛಿದ್ರವಾಯಿತು, ಏಳು ಜನ ಹೋದರು. ಮೀಟಿಂಗ್ ಆಗಿತ್ತು, ಅಭಿಪ್ರಾಯ ಕೇಳಿದ್ದರು. ಏನು ಬಂತು?

"ಹಾಗಾದ್ರೆ ಎಲ್ಲದಕ್ಕೂ ವೋಟು ಹಾಕಿಸಬೇಕಾ?" ಅಂತ ಕೇಳ್ತೀರಿ. ಖಂಡಿತಾ ಬೇಡ. ನಮ್ಮೂರ ಕಡೆ ಹುಲ್ಲಿನ ಬಣವೆಗೆ ಬೆಂಕಿ ಬಿದ್ದರೆ ಯಾರೂ ಸಭೆ ಸೇರಿಸಲ್ಲ. ಒಬ್ಬ ಹಿರಿಯ ನಿಂತು "ನೀನು ದನ ಬಿಚ್ಚು, ನೀನು ಪಂಪ್‌ಸೆಟ್ ಹಾಕು" ಅಂತ ಕೂಗ್ತಾನೆ, ಉಳಿದವರು ಓಡ್ತಾರೆ. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದಾಗಲೂ ಹಾಗೇ. ಒಬ್ಬರು ಹೇಳಬೇಕು, ಉಳಿದವರು ಮಾಡಬೇಕು. ಬೆಳಗ್ಗೆ ಬೆಂಕಿ ಆರಿದ ಮೇಲೆ, ಮುಂದಿನ ಬಣವೆಯನ್ನು ಕರೆಂಟ್ ತಂತಿಯ ಕೆಳಗೆ ಒಟ್ಟಬೇಕಾ ಬೇಡವಾ ಅನ್ನೋದನ್ನು ಮಾತ್ರ ಎಲ್ಲರೂ ಕೂತೇ ಮಾತಾಡಬೇಕು. ಯಾಕಂದ್ರೆ ತಂತಿ ಗಾಳಿಗೆ ಎಲ್ಲಿ ಜೋಲುತ್ತೆ ಅಂತ ಗೊತ್ತಿರೋದು ದಿನಾ ಅಲ್ಲಿ ಓಡಾಡುವವನಿಗೆ.

ಆದ್ದರಿಂದ ಶೈಲಿ ಆರಿಸೋದು ಸ್ವಭಾವದ ವಿಷಯ ಅಲ್ಲ. ಎರಡು ಪ್ರಶ್ನೆ ಕೇಳಿಕೊಂಡರೆ ಸಾಕು: ಈ ವಿಷಯ ಸರಿಯಾಗಿ ಗೊತ್ತಿರೋದು ಯಾರಿಗೆ? ಕೇಳೋಕೆ ಸಮಯ ಇದೆಯಾ? ಸಮಯ ಇದ್ದು, ಗೊತ್ತಿರೋದು ಟೀಮಿಗೆ ಅಂತಾದರೆ ಕೇಳಿ. ಬಂದ ಉತ್ತರ ಇಷ್ಟ ಆಗದಿದ್ದರೂ ಅದಕ್ಕೆ ಬೆಲೆ ಕೊಡಿ. ತಾರೀಖು ಮೊದಲೇ ನಿಶ್ಚಯ ಆಗಿದ್ದರೆ ಅದನ್ನೂ ನೇರವಾಗಿ ಹೇಳಿ: "ತಾರೀಖು ನಾನು ಕೊಟ್ಟಾಗಿದೆ, ಬದಲಾಗಲ್ಲ. ತಪ್ಪಿದರೆ ಉತ್ತರ ನಾನು ಕೊಡ್ತೀನಿ. ಅಷ್ಟರೊಳಗೆ ಏನೇನು ಆಗುತ್ತೆ, ಏನು ಕೈಬಿಡಬೇಕು, ಅದನ್ನು ನೀವು ಹೇಳಿ." ಇಂಥ ಮಾತು ಹೇಳುವವರ ಕೆಳಗೆ ಜನ ಬೈಕೊಂಡಾದರೂ ಕೆಲಸ ಮಾಡ್ತಾರೆ, ನಂಬ್ತಾರೆ.

ಕೆಳಗೆ ಕೂತಿರುವ ನಮ್ಮ ಜನಕ್ಕೂ ಒಂದು ಮಾತು. ಮುಂದಿನ ಸಲ 13 ಇಟ್ಟು "ಇನ್ನೊಂದ್ಸಲ ಯೋಚನೆ ಮಾಡಿ" ಅನ್ನಿಸಿಕೊಂಡರೆ, ಮತ್ತೆ 13ನ್ನೇ ಇಡಿ. "ತಾರೀಖು ಮೊದಲೇ ಕೊಟ್ಟಿದ್ದೀರಾ ಸಾರ್?" ಅಂತ ವಿನಯದಿಂದಲೇ ಕೇಳಿ. ಟೀ ಅಂಗಡಿ ಮುಂದೆ ಆಡುವ ಮಾತನ್ನು ಮೀಟಿಂಗ್ ರೂಮಿನಲ್ಲಿ ಒಬ್ಬರಾದರೂ ಆಡದಿದ್ದರೆ, ಈ ಪೋಕರ್‌ನಲ್ಲಿ ಪ್ರತಿ ಸಲ ಸೋಲೋದು ನಾವೇ.